ಹಾಲಿನ ಕ್ಯಾನುಗಳಲ್ಲಿ ಹೂತಿಟ್ಟ ಸಾಕ್ಷ್ಯ

ಪ್ರತಿರೋಧ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರು ಮೂಡುವುದು ಆಯುಧ ಹಿಡಿದ ಕೈ. ಪೋಲೆಂಡಿನ ರಾಜಧಾನಿ ವಾರ್ಸಾದ ಯಹೂದಿ ಘೆಟ್ಟೊವನ್ನು ಜಗತ್ತು ಸ್ಮರಿಸುವುದೂ ಹೀಗೆಯೇ. 1943ರ ಏಪ್ರಿಲ್ 19ರಂದು ಅಲ್ಲಿ ದಂಗೆ ಭುಗಿಲೆದ್ದಿತು. ಕೆಲವು ನೂರು ಯುವಕ ಯುವತಿಯರು ಪಿಸ್ತೂಲು, ಕೈಬಾಂಬು ಮತ್ತು ಪೆಟ್ರೋಲ್ ತುಂಬಿದ ಸೀಸೆಗಳನ್ನು ನೆಚ್ಚಿಕೊಂಡು ಹಿಟ್ಲರನ ಪಡೆಗಳಿಗೆ ಸುಮಾರು ನಾಲ್ಕು ವಾರ ಎದುರು ನಿಂತರು. ಅದು ಮರೆಯಬಾರದ ಅಧ್ಯಾಯ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೆ ಎರಡೂವರೆ ವರ್ಷ ಮೊದಲೇ ಅದೇ ಗೋಡೆಗಳ ಒಳಗೆ ಇನ್ನೊಂದು ಪ್ರತಿರೋಧ ಆರಂಭವಾಗಿತ್ತು. ಅದಕ್ಕೆ ಬೇಕಾದದ್ದು ಕಾಗದ, ಪೆನ್ಸಿಲು, ಸಾರಿನ ಕಡಾಯಿ ಮತ್ತು ಸತ್ಯವನ್ನು ಬಚ್ಚಿಡದ ಎದೆಗಾರಿಕೆ. ನನ್ನ ದೃಷ್ಟಿಯಲ್ಲಿ ಎರಡರಲ್ಲಿ ಹೆಚ್ಚು ಕಠಿಣವಾದದ್ದು ಈ ಮೊದಲನೆಯದು. ಸಾಕ್ಷ್ಯ ನುಡಿಯುವುದನ್ನು ಧರ್ಮದ ಕರ್ತವ್ಯವೆಂದು ನಂಬಿರುವ ನಮಗೆ ಅದು ಹೆಚ್ಚು ಹತ್ತಿರದ್ದೂ ಹೌದು.

1939ರ ಸೆಪ್ಟೆಂಬರಿನಲ್ಲಿ ಜರ್ಮನಿಯು ಪೋಲೆಂಡನ್ನು ಆಕ್ರಮಿಸಿದಾಗ ವಾರ್ಸಾದಲ್ಲಿ ಸುಮಾರು ಮೂರೂವರೆ ಲಕ್ಷ ಯಹೂದಿಯರಿದ್ದರು. ನಗರದ ಜನಸಂಖ್ಯೆಯಲ್ಲಿ ಅವರ ಪಾಲು ಮೂರನೆಯ ಒಂದಂಶಕ್ಕೆ ಸಮೀಪವಿತ್ತು. ನ್ಯೂಯಾರ್ಕನ್ನು ಬಿಟ್ಟರೆ ಜಗತ್ತಿನ ಯಾವ ನಗರದಲ್ಲೂ ಅಷ್ಟು ಮಂದಿ ಯಹೂದಿಯರಿರಲಿಲ್ಲ. ಆಕ್ರಮಣಕಾರರು ಒಂದೊಂದೇ ಮೆಟ್ಟಿಲಾಗಿ ಇಳಿದರು. ಮೊದಲು ಶಾಲೆಗಳು ಮುಚ್ಚಿದವು, ಬ್ಯಾಂಕಿನ ಹಣ ಕೈಗೆ ಸಿಗದಾಯಿತು. ಅದೇ ವರ್ಷದ ಡಿಸೆಂಬರಿನಿಂದ ನೀಲಿ ನಕ್ಷತ್ರದ ಬಿಳಿ ಪಟ್ಟಿಯನ್ನು ತೋಳಿಗೆ ಕಟ್ಟಿಕೊಳ್ಳುವುದು ಕಡ್ಡಾಯವಾಯಿತು. ಘೆಟ್ಟೊ ನಿರ್ಮಾಣದ ಆಜ್ಞೆಯನ್ನು ಜನರಿಗೆ ಸಾರಿದ್ದು 1940ರ ಅಕ್ಟೋಬರ್ 12ರಂದು. ಅಂದು ಯೋಮ್ ಕಿಪ್ಪುರ್. ಯಹೂದಿಯರು ಉಪವಾಸವಿದ್ದು ಪಾಪಕ್ಷಮೆ ಯಾಚಿಸುವ ದಿನ. ನವೆಂಬರ್ 16ಕ್ಕೆ ದ್ವಾರಗಳು ಮುಚ್ಚಿದವು. ಸುಮಾರು ಮೂರು ಮೀಟರ್ ಎತ್ತರದ ಗೋಡೆಯೊಳಗೆ, ನಗರದ ಶೇ. 2.4ರಷ್ಟು ನೆಲದಲ್ಲಿ, ನಗರದ ಶೇ. 30ರಷ್ಟು ಜನರನ್ನು ತುರುಕಲಾಯಿತು. ಸುತ್ತಲ ಊರುಗಳಿಂದ ಅಟ್ಟಿಸಿಕೊಂಡು ಬಂದವರೂ ಸೇರಿ 1941ರ ವಸಂತದಲ್ಲಿ ಅಲ್ಲಿನ ಸಂಖ್ಯೆ ನಾಲ್ಕು ಲಕ್ಷ ಅರವತ್ತು ಸಾವಿರವನ್ನು ಮುಟ್ಟಿತು. ಒಂದು ಕೋಣೆಗೆ ಸರಾಸರಿ ಏಳು ಜನ. ಅಧಿಕೃತ ಪಡಿತರದಿಂದ ಒಬ್ಬನಿಗೆ ದಿನಕ್ಕೆ ಸಿಗುತ್ತಿದ್ದುದು 200 ಕ್ಯಾಲರಿಗೂ ಕಡಿಮೆ; ಒಂದೆರಡು ತುಂಡು ರೊಟ್ಟಿಯ ಬಲ. ಅನಿಲ ಕೋಣೆಗಳಿಗೆ ಸಾಗಣೆ ಆರಂಭವಾಗುವ ಮೊದಲೇ, 1942ರ ನಡುವರ್ಷದೊಳಗೆ, ಹಸಿವು ಮತ್ತು ರೋಗದಿಂದ ಅಲ್ಲಿ ಸತ್ತವರು ಸುಮಾರು 83,000.

ಇಂತಹ ಸ್ಥಿತಿಯಲ್ಲಿ ಮನುಷ್ಯರು ಏನು ಮಾಡುತ್ತಾರೆ? ಪರಸ್ಪರ ಕಚ್ಚಾಡಿ ಸಾಯುತ್ತಾರೆ ಎಂಬುದು ಆಕ್ರಮಣಕಾರರ ಎಣಿಕೆಯಾಗಿತ್ತು. ಕಚ್ಚಾಟ ಇರಲಿಲ್ಲವೆಂದಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ. ಆದರೆ ವಾರ್ಸಾದ ಮನೆಗಳು ನಡುವೆ ಅಂಗಳವಿಟ್ಟುಕೊಂಡು ಸುತ್ತ ಕಟ್ಟಿದ ದೊಡ್ಡ ವಠಾರಗಳು. ಈ ವಠಾರಗಳಲ್ಲಿ ಯುದ್ಧದ ಆರಂಭದಿಂದಲೇ ಸಮಿತಿಗಳು ಹುಟ್ಟಿಕೊಂಡಿದ್ದವು. ಒಂದು ಹಂತದಲ್ಲಿ ಇವುಗಳ ಸಂಖ್ಯೆ ಸಾವಿರವನ್ನು ಮೀರಿತ್ತು. ಉಳ್ಳವರ ಮನೆಯಿಂದ ಹಿಟ್ಟನ್ನೋ ಕಾಸನ್ನೋ ಎತ್ತಿ ಇಲ್ಲದವರಿಗೆ ಮುಟ್ಟಿಸುವುದು, ಅಡಗಿಸಿಟ್ಟ ಪುಸ್ತಕಗಳಿಂದ ಮಕ್ಕಳಿಗೆ ಪಾಠ ಹೇಳುವುದು, ರೋಗಿಯ ಬಾಗಿಲಿಗೆ ವೈದ್ಯರನ್ನು ಕರೆತರುವುದು ಇವರ ಕೆಲಸ. ಮೇಲಿನಿಂದ ಯಾರೂ ಆಜ್ಞಾಪಿಸಿರಲಿಲ್ಲ. ಸಾರ್ವಜನಿಕ ಅಡುಗೆಮನೆಗಳಲ್ಲಿ ದಿನವೂ ಸಾವಿರಾರು ಜನರಿಗೆ ಸಾರು ಬಡಿಸಲಾಗುತ್ತಿತ್ತು.

ಲೆಷ್ನೊ ಬೀದಿಯ ಅಂತಹ ಒಂದು ಅಡುಗೆಮನೆಯನ್ನು ನಡೆಸುತ್ತಿದ್ದವರು ರಾಖೆಲ್ ಅವರ್‌ಬಾಖ್ ಎಂಬ ಲೇಖಕಿ. ದಿನಕ್ಕೊಂದು ಬಟ್ಟಲು ತೆಳು ಸಾರಿನಿಂದ ಯಾರ ಪ್ರಾಣವೂ ಉಳಿಯದು, ಸಾವು ಕೆಲವು ವಾರ ಮುಂದಕ್ಕೆ ಹೋಗುತ್ತದೆ ಅಷ್ಟೆ ಎಂಬುದು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು. ಅದನ್ನು ಬರೆದೂ ಇಟ್ಟರು. ಆದರೂ ಮರುದಿನ ಬೆಳಿಗ್ಗೆ ಒಲೆ ಹಚ್ಚಿದರು.

ಘೆಟ್ಟೊದೊಳಗೆ ಬರುತ್ತಿದ್ದ ಆಹಾರದ ಬಹುಪಾಲು ಕಳ್ಳಸಾಗಣೆಯದು. ಅದರಲ್ಲಿ ಏಳೆಂಟು ವರ್ಷದ ಮಕ್ಕಳ ಪಾತ್ರ ದೊಡ್ಡದು. ಗೋಡೆಯ ಬುಡದ ಬಿರುಕಿನಲ್ಲಿ, ಚರಂಡಿಯ ಕಿಂಡಿಯಲ್ಲಿ ನುಸುಳಿ ಹೊರಗೆ ಹೋಗಿ ಆಲೂಗಡ್ಡೆಯನ್ನೋ ರೊಟ್ಟಿಯನ್ನೋ ಅಂಗಿಯೊಳಗೆ ಅಡಗಿಸಿ ತರುತ್ತಿದ್ದರು. 1941ರ ಶರತ್ಕಾಲದಿಂದ ಅನುಮತಿಯಿಲ್ಲದೆ ಘೆಟ್ಟೊದಿಂದ ಹೊರಬಿದ್ದವರಿಗೆ ಮರಣದಂಡನೆ ಎಂಬ ಆಜ್ಞೆಯಿತ್ತು. ಇಡೀ ಕುಟುಂಬದ ಅನ್ನ ಆ ಮಕ್ಕಳ ಅಂಗಿಯಲ್ಲಿತ್ತು.

ಆರಾಧನೆಯೂ ಅಪರಾಧವಾಗಿತ್ತು. 1940ರ ಆರಂಭದಲ್ಲಿ ಸಾಮೂಹಿಕ ಪ್ರಾರ್ಥನೆಯನ್ನು ನಿಷೇಧಿಸಲಾಯಿತು. ಜನರು ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಜಮಾತು ಸೇರಿದರು. ಪಿಯಾಸೆಚ್ನೊ ಎಂಬ ಊರಿನ ಧರ್ಮಗುರು ಕಲೊನಿಮಸ್ ಶಪಿರಾ 1939ರ ಬಾಂಬ್ ದಾಳಿಯಲ್ಲಿ ತಮ್ಮ ಒಬ್ಬನೇ ಮಗನನ್ನೂ ಸೊಸೆಯನ್ನೂ ಕಳಕೊಂಡಿದ್ದರು. ಆದರೂ 1942ರ ಬೇಸಗೆಯವರೆಗೆ ಪ್ರವಚನ ನೀಡುತ್ತಿದ್ದರು. ನೋವನ್ನು ತಾಳಿಕೊಳ್ಳುವ ಬಗೆ ಹೇಗೆ, ದೇವನು ಮೌನವಾಗಿರುವಂತೆ ತೋರುವಾಗ ವಿಶ್ವಾಸಿಯಾದವನು ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ಅವರು ಸುಲಭದ ಉತ್ತರವಿಟ್ಟು ಮುಗಿಸಲಿಲ್ಲ. ಆ ಹಸ್ತಪ್ರತಿ ಯುದ್ಧಾನಂತರ ಮಣ್ಣಿನಡಿಯಿಂದ ದೊರೆತು 1960ರಲ್ಲಿ ಪುಸ್ತಕವಾಯಿತು. ಆಗ ಅದನ್ನು ಬರೆದವರು ಇರಲಿಲ್ಲ.

ಇನ್ನು ವೈದ್ಯರ ವಿಷಯ. ಇಸ್ರಾಯೆಲ್ ಮಿಲೆಯ್ಕೊವ್ಸ್ಕಿ ಎಂಬವರ ನೇತೃತ್ವದಲ್ಲಿ ಘೆಟ್ಟೊದ ವೈದ್ಯರು 1942ರ ಫೆಬ್ರವರಿಯಲ್ಲಿ ಒಂದು ಸಂಶೋಧನೆಗೆ ಕೈಹಾಕಿದರು. ಔಷಧವಿಲ್ಲ, ಆಹಾರವಿಲ್ಲ, ಗುಣಪಡಿಸುವ ದಾರಿಯಿಲ್ಲ. ಹಾಗಿದ್ದರೆ ಹಸಿವೆಯೇ ಒಂದು ರೋಗವಾಗಿ ಮನುಷ್ಯನ ಹೃದಯ, ರಕ್ತ, ಕಣ್ಣು, ಚರ್ಮಗಳನ್ನು ಹೇಗೆ ತಿನ್ನುತ್ತದೆ ಎಂಬುದನ್ನಾದರೂ ಕ್ರಮವಾಗಿ ದಾಖಲಿಸೋಣ ಎಂದು ನಿಶ್ಚಯಿಸಿದರು. ಅಳೆಯುತ್ತಿದ್ದವರೂ ಹಸಿದವರೇ. ಜುಲೈಯಲ್ಲಿ ಸಾಗಣೆ ಆರಂಭವಾಗಿ ಕೆಲಸ ಅರ್ಧದಲ್ಲಿ ನಿಂತಿತು. ಉಳಿದ ಹಾಳೆಗಳನ್ನು ಗೋಡೆಯಾಚೆಯ ಪೋಲಿಷ್ ಪ್ರಾಧ್ಯಾಪಕರೊಬ್ಬರಿಗೆ ಗುಟ್ಟಾಗಿ ದಾಟಿಸಲಾಯಿತು. 1946ರಲ್ಲಿ ಆ ಗ್ರಂಥ ವಾರ್ಸಾದಲ್ಲಿ ಪ್ರಕಟವಾಯಿತು. ಬರಗಾಲ ಮತ್ತು ಉಪವಾಸದ ಶರೀರಶಾಸ್ತ್ರವನ್ನು ಅಭ್ಯಸಿಸುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ.

ಇವೆಲ್ಲವೂ ನಮಗೆ ತಿಳಿದದ್ದು ಹೇಗೆ? ಅಲ್ಲಿದ್ದವರಲ್ಲಿ ಬಹುತೇಕ ಎಲ್ಲರೂ ಸತ್ತುಹೋದರು. ತಿಳಿದದ್ದಕ್ಕೆ ಮುಖ್ಯ ಕಾರಣ ಎಮಾನುಯೆಲ್ ರಿಂಗೆಲ್‌ಬ್ಲುಮ್ ಎಂಬ ಇತಿಹಾಸಕಾರ.

1900ರಲ್ಲಿ ಜನಿಸಿದ ರಿಂಗೆಲ್‌ಬ್ಲುಮ್ ಯುದ್ಧಕ್ಕೆ ಮುನ್ನ ವಾರ್ಸಾದ ಯಹೂದಿಯರ ಚರಿತ್ರೆಯನ್ನು ಸಂಶೋಧಿಸುತ್ತಿದ್ದವರು. ಘೆಟ್ಟೊದಲ್ಲಿ ಹಗಲೆಲ್ಲ ಅವರದು ಪರಿಹಾರ ಕಾರ್ಯ. ವಠಾರ ಸಮಿತಿಗಳನ್ನೂ ಅಡುಗೆಮನೆಗಳನ್ನೂ ಸಂಘಟಿಸುವ ಹೊಣೆ. ರಾತ್ರಿ ಟಿಪ್ಪಣಿ ಬರೆಯುತ್ತಿದ್ದರು. ದ್ವಾರಗಳು ಮುಚ್ಚಿದ ಒಂದೇ ವಾರದೊಳಗೆ, 1940ರ ನವೆಂಬರ್ 22ರಂದು, ಅವರು ತಮ್ಮ ಗುಪ್ತ ತಂಡವನ್ನು ಸೇರಿಸಿದರು. ಶನಿವಾರಗಳಂದು ಸೇರುತ್ತಿದ್ದುದರಿಂದ ತಂಡಕ್ಕೆ 'ಓಯ್ನೆಗ್ ಶಾಬೆಸ್' ಎಂದು ಹೆಸರು. ಸಬ್ಬತ್ ದಿನದ ಆನಂದ ಎಂದು ಅರ್ಥ. ಯಾರಿಗೂ ಸಂಶಯ ಬಾರದ ಹೆಸರು. ತಂಡದಲ್ಲಿ ಐವತ್ತು ಅರವತ್ತು ಮಂದಿ ಇದ್ದರು: ಶಿಕ್ಷಕರು, ಅರ್ಥಶಾಸ್ತ್ರಜ್ಞರು, ಪತ್ರಕರ್ತರು, ಕಮ್ಯುನಿಸ್ಟರು, ಜೊತೆಗೆ ಧರ್ಮಗುರು ಶಿಮೊನ್ ಹುಬರ್‌ಬಾಂಡ್. ಬಾಂಬ್ ದಾಳಿಯಲ್ಲಿ ಪತ್ನಿಯನ್ನೂ ಮಗುವನ್ನೂ ಕಳಕೊಂಡಿದ್ದ ಹುಬರ್‌ಬಾಂಡ್ ಧಾರ್ಮಿಕ ಜೀವನವನ್ನು ದಾಖಲಿಸುವ ಹೊಣೆ ಹೊತ್ತರು. ಹೊರಗಿನ ಲೋಕದಲ್ಲಾಗಿದ್ದರೆ ಇವರಲ್ಲಿ ಅನೇಕರು ಒಂದೇ ಮೇಜಿಗೆ ಕೂರುತ್ತಿದ್ದರೋ ಇಲ್ಲವೋ.

ಅವರು ಸಂಗ್ರಹಿಸಿದ್ದು ಏನನ್ನು? ದಿನಚರಿ, ಪತ್ರ, ಗುಪ್ತ ಪತ್ರಿಕೆ, ಜರ್ಮನ್ ಆಜ್ಞಾಪತ್ರಗಳಂತಹವು ಯಾರೇ ಆದರೂ ಕೂಡಿಡುವಂಥವು. ಅವುಗಳೊಂದಿಗೆ ಪಡಿತರ ಚೀಟಿ, ಟ್ರಾಮ್ ಟಿಕೆಟ್, ಮಿಠಾಯಿಯ ಹೊದಿಕೆ, ನಾಟಕದ ಭಿತ್ತಿಪತ್ರ, ಶಾಲಾ ಮಕ್ಕಳ ಪ್ರಬಂಧ. ಹಸಿವಿನಿಂದ ಊದಿಕೊಂಡ ಬೀದಿಯಲ್ಲಿ ಕುಳಿತು ಮಿಠಾಯಿಯ ಕಾಗದವನ್ನು ಜೋಪಾನ ಮಾಡುವುದು ಹುಚ್ಚೆಂದು ಕೆಲವರಿಗೆ ತೋರೀತು. ಆದರೆ ರಿಂಗೆಲ್‌ಬ್ಲುಮ್ ದೂರ ನೋಡುತ್ತಿದ್ದರು. ಯುದ್ಧ ಮುಗಿದ ಮೇಲೆ ಈ ಜನರ ಬಗ್ಗೆ ಬರೆಯಲು ಕೊಲೆಗಾರರ ಕಡತಗಳು ಮಾತ್ರ ಉಳಿದಿದ್ದರೆ ಬಲಿಯಾದವರು ಎರಡನೆಯ ಸಲ ಸಾಯುತ್ತಾರೆ. ತಮ್ಮ ಕಥೆಯನ್ನು ತಾವೇ ಹೇಳುವ ಹಕ್ಕನ್ನು ಅವರು ಬಿಟ್ಟುಕೊಡಲು ಸಿದ್ಧರಿರಲಿಲ್ಲ.

ಈ ಇಡೀ ವೃತ್ತಾಂತದಲ್ಲಿ ನನ್ನನ್ನು ಬಹುವಾಗಿ ಕಾಡಿದ ಸಂಗತಿ ಇನ್ನೊಂದಿದೆ. ಈ ತಂಡ ಶತ್ರುವಿನ ಕ್ರೌರ್ಯವನ್ನಷ್ಟೇ ಬರೆದುಕೊಳ್ಳಲಿಲ್ಲ. ತಮ್ಮವರ ತಪ್ಪುಗಳನ್ನೂ ಬರೆದಿಟ್ಟಿತು. ಬೀದಿಯಲ್ಲಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾಗ ಹೋಟೆಲುಗಳಲ್ಲಿ ಉಂಡು ಕುಡಿಯುತ್ತಿದ್ದ ಉಳ್ಳವರು, ಬಡವರ ಮೇಲೆ ತೆರಿಗೆಯ ಭಾರ ಹೊರಿಸಿದ ಯಹೂದಿ ಆಡಳಿತ ಮಂಡಳಿ, ಲಂಚ ತಿಂದ ಅಧಿಕಾರಿಗಳು, ಕೊನೆಗೆ ತಮ್ಮ ಜನರನ್ನೇ ಎಳೆದು ರೈಲಿಗೆ ದೂಡಿದ ಯಹೂದಿ ಪೊಲೀಸರು: ಎಲ್ಲವೂ ಆ ಕಾಗದಗಳಲ್ಲಿವೆ. ರಿಂಗೆಲ್‌ಬ್ಲುಮ್ ಅವರ ಟಿಪ್ಪಣಿಗಳಲ್ಲಿ ಯಹೂದಿ ಪೊಲೀಸರ ಕುರಿತಾದ ಮಾತುಗಳ ಕಟುತ್ವ ಶತ್ರುವಿನ ಕುರಿತಾದುದಕ್ಕಿಂತ ಕಡಿಮೆಯೇನಲ್ಲ. ಬಲಿಪಶುವಿಗೆ ತನ್ನ ದೋಷವನ್ನು ಮುಚ್ಚಿಟ್ಟುಕೊಳ್ಳಲು ಎಷ್ಟೊಂದು ನೆಪಗಳಿರುತ್ತವೆ! ಶತ್ರುವಿಗೆ ಅಸ್ತ್ರ ಸಿಗುತ್ತದೆ, ಸಮುದಾಯದ ಮಾನ ಹೋಗುತ್ತದೆ, ಈಗ ಅದರ ಸಮಯವಲ್ಲ ಎಂಬ ಮಾತುಗಳು ನಮಗೆ ಅಪರಿಚಿತವೇ? ನ್ಯಾಯದ ಪರ ನಿಲ್ಲುವಾಗ ಸಾಕ್ಷ್ಯವು ಸ್ವಂತಕ್ಕೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಸರಿ ನುಡಿಯಲೇಬೇಕೆಂದು ಪವಿತ್ರ ಕುರ್‌ಆನ್ ನಮ್ಮನ್ನು ಆದೇಶಿಸಿದೆ. ಆ ಆದೇಶವನ್ನು ಪ್ರತಿ ಜುಮಾದಲ್ಲಿ ಕೇಳಿ ಬೆಳೆದ ನಾವು, ಸಾವಿನ ಅಂಚಿನಲ್ಲಿ ನಿಂತು ಅದನ್ನು ನಡೆಸಿ ತೋರಿಸಿದ ಅನ್ಯಧರ್ಮೀಯರನ್ನು ಗುರುತಿಸದೆ ಹೋದರೆ ನಷ್ಟ ನಮ್ಮದೇ.

ಆ ಪ್ರಾಮಾಣಿಕತೆಗೆ ಬೆಲೆಯಿತ್ತು ಎಂಬುದನ್ನು ಒಂದು ಚಲನಚಿತ್ರದ ಕಥೆ ಹೇಳುತ್ತದೆ. 1942ರ ಮೇ ತಿಂಗಳಲ್ಲಿ ನಾಝಿಗಳು ಘೆಟ್ಟೊಕ್ಕೆ ಕ್ಯಾಮೆರಾ ತಂಡವನ್ನು ಕಳಿಸಿದರು. ಅಲಂಕರಿಸಿದ ಮೇಜುಗಳ ಮುಂದೆ ಯಹೂದಿಯರನ್ನು ಬಲವಂತವಾಗಿ ಕೂರಿಸಿ ಭೋಜನ ಮಾಡಿಸಿದರು. ಶ್ರೀಮಂತರು ಹಸಿದವರನ್ನು ಕಂಡೂ ಕಾಣದಂತೆ ದಾಟಿ ಹೋಗುವ ದೃಶ್ಯವನ್ನು ಮತ್ತೆ ಮತ್ತೆ ನಟಿಸಿ ತೆಗೆಸಿದರು. ಯಹೂದಿಯರ ದುಃಖಕ್ಕೆ ಯಹೂದಿಯರೇ ಕಾರಣ ಎಂದು ತೋರಿಸುವ ಹುನ್ನಾರ. ಚಿತ್ರ ಪೂರ್ತಿಯಾಗಲಿಲ್ಲ. ಆದರೆ ಯುದ್ಧಾನಂತರ ಅದರ ಮೂಕ ಸುರುಳಿಗಳು ಪೂರ್ವ ಜರ್ಮನಿಯ ಸಂಗ್ರಹಾಲಯವೊಂದರಲ್ಲಿ ಸಿಕ್ಕಿ, ದಶಕಗಳ ಕಾಲ ಅದರ ತುಣುಕುಗಳನ್ನು ನೈಜ ದೃಶ್ಯಗಳೆಂದೇ ಸಾಕ್ಷ್ಯಚಿತ್ರಗಳಲ್ಲಿ ಬಳಸಲಾಯಿತು. 1998ರಲ್ಲಿ ಇನ್ನೊಂದು ಸುರುಳಿ ದೊರೆತು, ಒಂದೇ ದೃಶ್ಯವನ್ನು ಹಲವು ಬಾರಿ ತೆಗೆದದ್ದು ಬಯಲಾಯಿತು. ಆದರೆ ಸತ್ಯವು ಅದಕ್ಕೆ ಎಷ್ಟೋ ಮೊದಲೇ ಬರೆಹದಲ್ಲಿತ್ತು. ಆಡಳಿತ ಮಂಡಳಿಯ ಮುಖ್ಯಸ್ಥ ಆಡಂ ಚೆರ್ನಿಯಾಕುಫ್ ತಮ್ಮ ಕಚೇರಿಯಲ್ಲೇ ನಡೆದ ಚಿತ್ರೀಕರಣವನ್ನು ದಿನಚರಿಯಲ್ಲಿ ಟಿಪ್ಪಣಿ ಮಾಡಿದ್ದರು. ಉಳ್ಳವರ ನಿಷ್ಕರುಣೆ ನಿಜವೂ ಆಗಿತ್ತು, ಕ್ಯಾಮೆರಾದ ಮುಂದಿನ ನಾಟಕ ಸುಳ್ಳೂ ಆಗಿತ್ತು. ಎರಡನ್ನೂ ಬೇರ್ಪಡಿಸಿ ತೋರಿಸಲು ಸಾಧ್ಯವಾದದ್ದು, ತಮ್ಮವರ ಬಗ್ಗೆಯೂ ಸುಳ್ಳಾಡದವರ ಬರೆಹ ಇದ್ದುದರಿಂದ. ಮೊಬೈಲಿಗೆ ಬಂದ ದೃಶ್ಯವನ್ನು ಕಂಡ ಕ್ಷಣ ನಂಬಿ ಹತ್ತು ಮಂದಿಗೆ ರವಾನಿಸುವ ನಮ್ಮ ಕಾಲದವರು ಈ ಪ್ರಸಂಗವನ್ನು ತುಸು ನಿಧಾನವಾಗಿ ಓದಬೇಕು.

ಇಲ್ಲಿ ಒಂದು ಮಾತನ್ನು ನೇರವಾಗಿಯೇ ಆಡಬೇಕಾಗಿದೆ. ನಮ್ಮ ವಲಯಗಳಲ್ಲಿ ಯಹೂದಿಯರ ನರಮೇಧದ ಪ್ರಸ್ತಾಪ ಬಂದಾಗ ಕೆಲವರ ಮುಖದಲ್ಲಿ ಒಂದು ಬಗೆಯ ಬಿಗಿತ ಕಾಣಿಸಿಕೊಳ್ಳುತ್ತದೆ. ಅದೆಲ್ಲ ಉತ್ಪ್ರೇಕ್ಷೆ ಎನ್ನುವ ಸಂದೇಶಗಳು ಕೈಯಿಂದ ಕೈಗೆ ಹರಿದಾಡುತ್ತವೆ. ಕಾರಣ ಗುಟ್ಟಿನದಲ್ಲ. ಫೆಲೆಸ್ತೀನಿನ ಮರ್ದಿತರ ಮೇಲೆ ನಡೆಯುವ ಅಕ್ರಮವನ್ನು ಕಾಣುತ್ತಾ ಬಂದ ಹೃದಯಕ್ಕೆ ಬೇರೆ ದುಃಖಕ್ಕೆ ಬಾಗಿಲು ತೆರೆಯಲು ಮನಸ್ಸಾಗುವುದಿಲ್ಲ. ಆ ನೋವು ನ್ಯಾಯವಾದದ್ದು. ಆದರೆ ಆ ನಿರಾಕರಣೆ ನ್ಯಾಯವಲ್ಲ. 1941ರ ಚಳಿಗಾಲದಲ್ಲಿ ವಾರ್ಸಾದ ಕಲ್ಲುಹಾಸಿನ ಮೇಲೆ ಹೆಪ್ಪುಗಟ್ಟಿ ಸತ್ತ ತಾಯಿ ಯಾರ ಭೂಮಿಯನ್ನೂ ಕಸಿದವಳಲ್ಲ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರ ಹೆಗಲಿಗೇರಿಸಬಾರದೆಂಬುದು ನಾವು ನಮ್ಮ ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಯಹೂದಿಯೊಬ್ಬನ ಶವಯಾತ್ರೆ ಎದುರಾದಾಗ ಪ್ರವಾದಿವರ್ಯರು(ಸ) ಎದ್ದು ನಿಂತ ಘಟನೆಯನ್ನು, ಅನುಚರರು ಅಚ್ಚರಿಗೊಂಡಾಗ ಅವರು ಕೊಟ್ಟ ಉತ್ತರವನ್ನು ಇಲ್ಲಿನ ಓದುಗರಿಗೆ ನೆನಪಿಸಬೇಕಾದ ಅಗತ್ಯವಿಲ್ಲ.

ಅಲ್ಬೇನಿಯಾದ ಮುಸ್ಲಿಮ್ ಕುಟುಂಬಗಳು ಯಹೂದಿಯರನ್ನು ತಮ್ಮ ಮನೆಗಳಲ್ಲಿ ಅಡಗಿಸಿ ಕಾಪಾಡಿದ ವೃತ್ತಾಂತವನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದು ಸತ್ಯ, ಅಭಿಮಾನವೂ ಸಲ್ಲುವಂತಹದು. ಆದರೆ ನಾವು ರಕ್ಷಕರಾಗಿರುವ ಕಥೆಯನ್ನು ಮಾತ್ರ ಕೇಳಿಸಿಕೊಳ್ಳುವ ಕಿವಿ ಇನ್ನೂ ಪೂರ್ತಿ ತೆರೆದ ಕಿವಿಯಲ್ಲ. ಹಾಗೆಯೇ, ಈ ನರಮೇಧದ ಸ್ಮರಣೆಯನ್ನು ಬೇರೊಂದು ಜನತೆಯ ಮೇಲಿನ ದಬ್ಬಾಳಿಕೆಗೆ ಗುರಾಣಿ ಮಾಡಿಕೊಳ್ಳುವವರೂ ಆ ಸತ್ತವರಿಗೆ ದ್ರೋಹ ಬಗೆಯುತ್ತಾರೆ. ಇದನ್ನು ಹೇಳುವ ಹಕ್ಕು ಯಾರಿಗಾದರೂ ಪೂರ್ಣವಾಗಿದ್ದರೆ ಅದು ಮಾರೆಕ್ ಎಡೆಲ್‌ಮನ್‌ರಿಗಿತ್ತು. ಘೆಟ್ಟೊ ದಂಗೆಯ ನಾಯಕರಲ್ಲೊಬ್ಬರಾಗಿ ಬದುಕುಳಿದ ಅವರು ಪೋಲೆಂಡಿನಲ್ಲೇ ಉಳಿದು ಹೃದ್ರೋಗ ತಜ್ಞರಾದರು. 2002ರಲ್ಲಿ ಅವರು ಫೆಲೆಸ್ತೀನಿನ ಸಶಸ್ತ್ರ ಸಂಘಟನೆಗಳ ನಾಯಕರಿಗೆ ಬಹಿರಂಗ ಪತ್ರ ಬರೆದು, ನಿರಪರಾಧಿ ನಾಗರಿಕರ ಮೇಲಿನ ಆತ್ಮಾಹುತಿ ದಾಳಿಗಳನ್ನು ನಿಲ್ಲಿಸುವಂತೆ ಕೇಳಿದರು. ಆದರೆ ಅವರನ್ನು ಹೋರಾಟಗಾರರೆಂದೇ ಸಂಬೋಧಿಸಿದರು. ಆ ಸಂಬೋಧನೆ ಇಸ್ರೇಲಿನಲ್ಲಿ ಅನೇಕರನ್ನು ಕೆರಳಿಸಿತು. ಎರಡೂ ಕಡೆಯವರಿಗೆ ಒಂದೇ ಅಳತೆಗೋಲು ಹಿಡಿದವರು ಎರಡೂ ಕಡೆಯಿಂದ ಬೈಸಿಕೊಳ್ಳುವುದು ಹೊಸದೇನಲ್ಲ.

ಮತ್ತೆ ವಾರ್ಸಾಕ್ಕೆ ಬರೋಣ. 1942ರ ಆರಂಭದಲ್ಲಿ ಹೆಲ್ಮ್ನೊ ಎಂಬ ಹತ್ಯಾ ಕೇಂದ್ರದಿಂದ ತಪ್ಪಿಸಿಕೊಂಡ ಒಬ್ಬನು ಘೆಟ್ಟೊ ತಲುಪಿದ. ವಿಷಾನಿಲ ತುಂಬಿದ ಲಾರಿಗಳಲ್ಲಿ ಜನರನ್ನು ಕೊಲ್ಲುತ್ತಿದ್ದುದನ್ನು ಕಂಡವನು ಅವನು, ಶವಗಳನ್ನು ಹೂಳಲು ನಿಯುಕ್ತನಾಗಿದ್ದವನು. ಓಯ್ನೆಗ್ ಶಾಬೆಸ್ ತಂಡ ಅವನ ಹೇಳಿಕೆಯನ್ನು ಅಕ್ಷರಕ್ಕಿಳಿಸಿ ಪೋಲಿಷ್ ಭೂಗತ ಚಳವಳಿಯ ಮೂಲಕ ಲಂಡನ್ನಿಗೆ ಮುಟ್ಟಿಸಿತು. ಜೂನ್ ತಿಂಗಳಲ್ಲಿ ಬಿಬಿಸಿ ರೇಡಿಯೊ ಪೋಲೆಂಡಿನ ಯಹೂದಿಯರ ಸಾಮೂಹಿಕ ಹತ್ಯೆಯ ಸುದ್ದಿಯನ್ನು ಬಿತ್ತರಿಸಿದಾಗ, ತಮ್ಮ ಶ್ರಮ ಸಾರ್ಥಕವಾಯಿತೆಂದು ರಿಂಗೆಲ್‌ಬ್ಲುಮ್ ಬರೆದುಕೊಂಡರು. ಜಗತ್ತಿಗೆ ತಿಳಿದರೆ ಜಗತ್ತು ಸುಮ್ಮನಿರದು ಎಂಬ ನಂಬಿಕೆ ಅದು. ಜಗತ್ತಿಗೆ ತಿಳಿಯಿತು. ಒಂದು ತಿಂಗಳೊಳಗೆ ರೈಲುಗಳು ಬಂದು ನಿಂತವು.

ಜುಲೈ 22ರಂದು ಆರಂಭವಾದ ಸಾಗಣೆ ಸೆಪ್ಟೆಂಬರ್ 21ರವರೆಗೆ ನಡೆಯಿತು. ಸುಮಾರು 2,65,000 ಜನರನ್ನು ಜಾನುವಾರು ಡಬ್ಬಿಗಳಲ್ಲಿ ತುಂಬಿ, ವಾರ್ಸಾದಿಂದ ಸುಮಾರು 80 ಕಿಲೋಮೀಟರ್ ದೂರದ ಟ್ರೆಬ್ಲಿಂಕಾಕ್ಕೆ ಒಯ್ದು ಅನಿಲದಿಂದ ಕೊಲ್ಲಲಾಯಿತು. ಪೂರ್ವದ ಊರುಗಳಲ್ಲಿ ಕೆಲಸ ಕೊಡುತ್ತೇವೆಂದು ನಂಬಿಸಲಾಯಿತು. ತಾವಾಗಿ ಬಂದವರಿಗೆ ಮೂರು ಕಿಲೋ ರೊಟ್ಟಿ, ಒಂದು ಕಿಲೋ ಜಾಮ್ ಕೊಡುವುದಾಗಿ ಪ್ರಕಟಣೆ ಅಂಟಿಸಲಾಯಿತು. ಹಸಿದವನಿಗೆ ಅದು ಎಂತಹ ಆಮಿಷವೆಂಬುದು ಹೊಟ್ಟೆ ತುಂಬಿದವರಿಗೆ ಅರ್ಥವಾಗದು. ಸಾಗಣೆಯ ಆಜ್ಞೆಗೆ ಸಹಿ ಹಾಕಲೊಲ್ಲದ ಚೆರ್ನಿಯಾಕುಫ್ ಮರುದಿನವೇ ವಿಷ ಸೇವಿಸಿ ಪ್ರಾಣಬಿಟ್ಟರು.

ಅನಾಥಾಲಯದ ಯಾನುಷ್ ಕೊರ್ಚಾಕ್‌ರ ಹೆಸರನ್ನು ಹಲವರು ಕೇಳಿರಬಹುದು. ವೈದ್ಯ, ಲೇಖಕ, ಮಕ್ಕಳ ಹಕ್ಕುಗಳ ಬಗ್ಗೆ ಮೊದಲಿಗೆ ಮಾತನಾಡಿದವರಲ್ಲೊಬ್ಬರು. ಸಾಗಣೆಗೆ ನಾಲ್ಕೇ ದಿನ ಮೊದಲು, ಜುಲೈ 18ರಂದು, ಅವರ ಮಕ್ಕಳು ಘೆಟ್ಟೊದಲ್ಲಿ ಒಂದು ನಾಟಕವಾಡಿದರು. ಆ ನಾಟಕ ನಮ್ಮ ದೇಶದ್ದು: ರವೀಂದ್ರನಾಥ ಠಾಕೂರರ 'ಡಾಕ್ ಘರ್', ಪೋಲಿಷ್ ಭಾಷೆಯಲ್ಲಿ. ಕೋಣೆಯಿಂದ ಹೊರಗೆ ಕಾಲಿಡಬಾರದೆಂದು ವೈದ್ಯರು ತಡೆದ ಅಮಲ್ ಎಂಬ ರೋಗಿ ಬಾಲಕ ಕಿಟಕಿಯ ಬಳಿ ಕುಳಿತು ರಾಜನ ಪತ್ರಕ್ಕಾಗಿ ಕಾಯುವ ಕಥೆ. ಮಕ್ಕಳು ಮರಣವನ್ನು ಭಯವಿಲ್ಲದೆ ಎದುರುಗೊಳ್ಳಲೆಂದು ಕೊರ್ಚಾಕ್ ಇದನ್ನು ಆರಿಸಿದರೆಂದು ಹೇಳಲಾಗುತ್ತದೆ. ಆಗಸ್ಟ್ ಮೊದಲ ವಾರ ಸುಮಾರು 200 ಮಕ್ಕಳನ್ನು ಕರೆದೊಯ್ಯಲು ಬಂದಾಗ ಕೊರ್ಚಾಕ್, ಸಹೋದ್ಯೋಗಿ ಸ್ಟೆಫಾನಿಯಾ ವಿಲ್ಚಿನ್ಸ್ಕಾ ಮತ್ತು ಉಳಿದ ಸಿಬ್ಬಂದಿ ಅವರೊಡನೆ ನಡೆದರು. ಯಾರೂ ಹಿಂದಿರುಗಲಿಲ್ಲ.

ಅದೇ ದಿನಗಳಲ್ಲಿ, ನೊವೊಲಿಪ್ಕಿ ಬೀದಿಯ 68ನೇ ಸಂಖ್ಯೆಯ ಶಾಲೆಯ ನೆಲಮಾಳಿಗೆಯಲ್ಲಿ ಶಿಕ್ಷಕ ಇಸ್ರಾಯೆಲ್ ಲಿಖ್ಟೆನ್‌ಸ್ಟೈನ್ ಇಬ್ಬರು ಹುಡುಗರೊಂದಿಗೆ ಗುಂಡಿ ತೋಡುತ್ತಿದ್ದರು. ದಾವಿದ್ ಗ್ರಾಬರ್‌ಗೆ 19, ನಾಖುಮ್ ಗ್ಶಿವಾಚ್‌ಗೆ 18. ಕಾಗದಗಳನ್ನು ಹತ್ತು ಲೋಹದ ಪೆಟ್ಟಿಗೆಗಳಲ್ಲಿ ತುಂಬಿ ಹೂಳುವ ಮುನ್ನ ಮೂವರೂ ಒಂದೊಂದು ಹಾಳೆ ಬರೆದು ಒಳಗಿಟ್ಟರು. ಲಿಖ್ಟೆನ್‌ಸ್ಟೈನ್ ತಮಗಾಗಿ ಏನನ್ನೂ ಕೇಳಲಿಲ್ಲ. ಚಿತ್ರಕಲಾವಿದೆಯಾದ ಪತ್ನಿ ಗೆಲಾ ಸೆಕ್ಸ್‌ಟೈನ್‌ರನ್ನೂ, ಇಪ್ಪತ್ತು ತಿಂಗಳ ಮಗಳು ಮಾರ್ಗಲಿತಳನ್ನೂ ನೆನಪಿಟ್ಟುಕೊಳ್ಳಿ ಎಂದು ಬರೆದರು. ಗೆಲಾರ ಚಿತ್ರಗಳನ್ನೂ ಪೆಟ್ಟಿಗೆಯಲ್ಲಿಟ್ಟರು. ನಾಖುಮ್ ಬರೆಯುತ್ತಿರುವಾಗಲೇ ತನ್ನ ತಂದೆತಾಯಿಯರಿರುವ ಕಟ್ಟಡವನ್ನು ಸುತ್ತುವರಿದ ಸುದ್ದಿ ಬಂತು. ಅವರು ಹೇಗಿದ್ದಾರೆಂದು ನೋಡಲು ಓಡುತ್ತಿದ್ದೇನೆ ಎಂದು ಸೇರಿಸಿ, ತನ್ನ ಹೆಸರನ್ನು ನೆನಪಿಡುವಂತೆ ಬೇಡಿಕೊಂಡ. ಇದೇ ತಂಡದ ಇನ್ನೊಬ್ಬ ಸದಸ್ಯ, ಶಿಕ್ಷಕ ಅಬ್ರಹಾಂ ಲೆವಿನ್, ಆಗಸ್ಟ್ 12ರಂದು ಪತ್ನಿ ಲೂಬಾಳನ್ನು ಎಳೆದೊಯ್ದ ದಿನವೂ ದಿನಚರಿಯನ್ನು ಖಾಲಿ ಬಿಡಲಿಲ್ಲ.

ಸಾಗಣೆ ಮುಗಿದ ಮೇಲೆ ಘೆಟ್ಟೊದಲ್ಲಿ ಉಳಿದವರು ಐವತ್ತೈದರಿಂದ ಅರವತ್ತು ಸಾವಿರ. ನಾವೇಕೆ ಎದುರಿಸಲಿಲ್ಲ ಎಂಬ ಪ್ರಶ್ನೆಯನ್ನು ಹೊರಗಿನವರಿಗಿಂತ ಮೊದಲು ಎತ್ತಿದವರು ರಿಂಗೆಲ್‌ಬ್ಲುಮ್ ಅವರೇ. ಉತ್ತರ ಕಷ್ಟದ್ದಲ್ಲ. ಒಬ್ಬ ಪ್ರತಿಭಟಿಸಿದರೆ ನೂರು ಜನರನ್ನು ಕೊಲ್ಲುತ್ತಿದ್ದರು, ಕೈಯಲ್ಲಿ ಆಯುಧವಿರಲಿಲ್ಲ, ಮಡಿಲಲ್ಲಿ ಮಕ್ಕಳಿದ್ದರು. ಈಗ ಮಕ್ಕಳೂ ವೃದ್ಧರೂ ಇಲ್ಲವಾಗಿ ಬಹುಪಾಲು ಯುವ ಕಾರ್ಮಿಕರಷ್ಟೇ ಉಳಿದಿದ್ದರು. ಜುಲೈ 28ರಂದು ಸ್ಥಾಪಿತವಾಗಿದ್ದ ಯಹೂದಿ ಹೋರಾಟ ಸಂಘಟನೆಗೆ ಮೊರ್ದೆಖಾಯ್ ಅನಿಯೆಲೆವಿಚ್ ಎಂಬ ಇಪ್ಪತ್ತರ ಹರೆಯದ ಯುವಕ ನಾಯಕನಾದ. 1943ರ ಜನವರಿ 18ರಂದು ಮತ್ತೆ ಜನರನ್ನು ಒಯ್ಯಲು ಬಂದ ಜರ್ಮನರ ಮೇಲೆ ಮೊದಲ ಗುಂಡು ಹಾರಿತು. ಏಪ್ರಿಲ್ 19ರಂದು, ಯಹೂದಿಯರ ವಿಮೋಚನಾ ಹಬ್ಬವಾದ ಪಾಸ್ಕದ ಮುನ್ನಾ ದಿನ, ಘೆಟ್ಟೊವನ್ನು ಬರಿದುಮಾಡಲು ಸುಮಾರು 2,000 ಸಶಸ್ತ್ರ ಜರ್ಮನ್ ಪಡೆಗಳು ನುಗ್ಗಿದಾಗ ಎದುರಿಗೆ ಎರಡು ಸಂಘಟನೆಗಳ ಏಳುನೂರೈವತ್ತರಷ್ಟು ಹೋರಾಟಗಾರರಿದ್ದರು. ಉಳಿದ ಸಾವಿರಾರು ಜನ ನೆಲದಡಿಯ ಅಡಗುತಾಣಗಳಲ್ಲಿ ಕುಳಿತು ಹೊರಬರಲು ನಿರಾಕರಿಸಿದರು. ಜರ್ಮನ್ ನಾಯಕ ಯುರ್ಗೆನ್ ಸ್ಟ್ರೋಪ್ ಕೊನೆಗೆ ಕಟ್ಟಡಗಳಿಗೆ ಒಂದೊಂದಾಗಿ ಬೆಂಕಿಯಿಡಬೇಕಾಯಿತು. ಮೇ 8ರಂದು ಮಿವಾ ಬೀದಿಯ 18ನೇ ಸಂಖ್ಯೆಯ ನೆಲಮಾಳಿಗೆಯಲ್ಲಿ ಅನಿಯೆಲೆವಿಚ್ ಸತ್ತ. ಕೆಲವರು ಚರಂಡಿ ಕಾಲುವೆಗಳ ಮೂಲಕ ಪಾರಾದರು. ಮೇ 16ರಂದು ವಾರ್ಸಾದ ಮಹಾ ಸಿನಗಾಗನ್ನು ಸ್ಫೋಟಿಸಿ ಸ್ಟ್ರೋಪ್ ತನ್ನ ವಿಜಯವನ್ನು ಸಾರಿದ.

ಸ್ಟ್ರೋಪ್ ಒಂದು ವರದಿಯನ್ನೂ ಸಿದ್ಧಪಡಿಸಿದ. ಹಿಡಿದವರು, ಕೊಂದವರು ಸೇರಿ 56,065 ಎಂದು ಲೆಕ್ಕ ಬರೆದು, ಛಾಯಾಚಿತ್ರಗಳನ್ನು ಅಂಟಿಸಿ, ಚರ್ಮದ ರಟ್ಟು ಹಾಕಿಸಿದ. ಎರಡೂ ಕೈಗಳನ್ನು ಮೇಲೆತ್ತಿ ನಿಂತ ಟೋಪಿಯ ಪುಟ್ಟ ಹುಡುಗನ ಚಿತ್ರವನ್ನು ನೀವು ಎಲ್ಲಾದರೂ ಕಂಡಿರುತ್ತೀರಿ. ಅದು ಬಂದದ್ದು ಆ ವರದಿಯಿಂದ. ಅದೇ ವರದಿ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಸಾಕ್ಷ್ಯವಾಯಿತು; ಸ್ಟ್ರೋಪ್‌ನನ್ನು 1952ರಲ್ಲಿ ವಾರ್ಸಾದಲ್ಲೇ ಗಲ್ಲಿಗೇರಿಸಲಾಯಿತು. ಆದರೂ ಒಂದು ವ್ಯತ್ಯಾಸವನ್ನು ಗಮನಿಸಿ. ಕೊಲೆಗಾರನ ಪುಸ್ತಕದಲ್ಲಿ ಆ ಹುಡುಗನಿಗೆ ಹೆಸರಿಲ್ಲ. ಹೂತಿಟ್ಟ ಪೆಟ್ಟಿಗೆಯಲ್ಲಿ ಇಪ್ಪತ್ತು ತಿಂಗಳ ಮಾರ್ಗಲಿತಳಿಗೆ ಹೆಸರಿದೆ.

ಎಡೆಲ್‌ಮನ್ ತಮ್ಮ ಮುಪ್ಪಿನಲ್ಲಿ ಒಂದು ವಿಷಯದಲ್ಲಿ ಹಟ ಹಿಡಿಯುತ್ತಿದ್ದರು. ಬಂದೂಕು ಹಿಡಿದು ಸತ್ತವರದು ವೀರಮರಣ, ಮಗುವನ್ನು ಎದೆಗವಚಿಕೊಂಡು ರೈಲು ಹತ್ತಿದ ತಾಯಿಯದು ಹೇಡಿತನ ಎಂಬಂತೆ ಯಾರಾದರೂ ಮಾತನಾಡಿದರೆ ಸಿಡಿಮಿಡಿಗೊಳ್ಳುತ್ತಿದ್ದರು. ಬಂದೂಕು ಹಿಡಿದಿದ್ದವರೇ ಹಾಗೆ ಹೇಳುವಾಗ ಅದಕ್ಕೆ ತೂಕವಿದೆ.

ರಿಂಗೆಲ್‌ಬ್ಲುಮ್ ಕೊನೆಯ ತಿಂಗಳುಗಳನ್ನು ಘೆಟ್ಟೊದ ಹೊರಗೆ, ಪೋಲಿಷ್ ತೋಟಗಾರನೊಬ್ಬನ ಗಾಜಿನಮನೆಯ ಕೆಳಗೆ ತೋಡಿದ ನೆಲಮಾಳಿಗೆಯಲ್ಲಿ, ಪತ್ನಿ ಮತ್ತು ಮಗ ಊರಿಯೊಡನೆ ಮೂವತ್ತಕ್ಕೂ ಹೆಚ್ಚು ಜನರ ನಡುವೆ ಕಳೆದರು. ಅಲ್ಲಿ ಕುಳಿತು ಅವರು ಬರೆದದ್ದು ಪೋಲಿಷರಿಗೂ ಯಹೂದಿಯರಿಗೂ ಇದ್ದ ಸಂಬಂಧದ ಕುರಿತು. ಪ್ರಾಣ ಪಣವಿಟ್ಟು ಕಾಪಾಡಿದ ಪೋಲಿಷರನ್ನೂ ಹಣಕ್ಕಾಗಿ ಹಿಡಿದುಕೊಟ್ಟ ಪೋಲಿಷರನ್ನೂ ಒಂದೇ ಲೇಖನಿಯಿಂದ ಚಿತ್ರಿಸಿದರು. 1944ರ ಮಾರ್ಚ್ 7ರಂದು ಅಡಗುತಾಣ ಪತ್ತೆಯಾಯಿತು. ಕೆಲವೇ ದಿನಗಳಲ್ಲಿ ಅವರನ್ನೂ ಕುಟುಂಬವನ್ನೂ ಘೆಟ್ಟೊದ ಅವಶೇಷಗಳ ನಡುವೆ ಗುಂಡಿಕ್ಕಿ ಕೊಲ್ಲಲಾಯಿತು. ಆಶ್ರಯವಿತ್ತ ತೋಟಗಾರನನ್ನೂ ಬಿಡಲಿಲ್ಲ.

ಓಯ್ನೆಗ್ ಶಾಬೆಸ್ ತಂಡದಲ್ಲಿ ಯುದ್ಧ ಮುಗಿಯುವಾಗ ಜೀವಂತವಿದ್ದವರು ಮೂವರೇ: ಹೆರ್ಶ್ ವಾಸರ್, ಅವರ ಪತ್ನಿ ಬ್ಲೂಮಾ, ಮತ್ತು ಅಡುಗೆಮನೆಯ ರಾಖೆಲ್ ಅವರ್‌ಬಾಖ್. ಬದುಕುಳಿದ ಯಹೂದಿಯರು ಮನೆ ಮಠ ಹುಡುಕುತ್ತಿದ್ದ ಕಾಲದಲ್ಲಿ ರಾಖೆಲ್ ಸಭೆಯಿಂದ ಸಭೆಗೆ ಹೋಗಿ, ಆ ಕಾಗದಗಳನ್ನು ಅಗೆದು ತೆಗೆಯಿರಿ ಎಂದು ಗೋಗರೆದರು. ಬೀದಿಗಳೇ ಇಲ್ಲವಾಗಿ ಇಡೀ ಪ್ರದೇಶ ಇಟ್ಟಿಗೆಯ ರಾಶಿಯಾಗಿದ್ದುದರಿಂದ ಎಲ್ಲಿ ಅಗೆಯಬೇಕೆಂಬುದೇ ಸಮಸ್ಯೆಯಾಗಿತ್ತು. 1946ರ ಸೆಪ್ಟೆಂಬರ್ 18ರಂದು ಹತ್ತು ಪೆಟ್ಟಿಗೆಗಳು ಸಿಕ್ಕವು. ನೀರು ಸೋರಿ ಅನೇಕ ಹಾಳೆಗಳು ಹಾಳಾಗಿದ್ದವು. 1943ರಲ್ಲಿ ಎರಡು ಹಾಲಿನ ಕ್ಯಾನುಗಳಲ್ಲಿ ಹೂತಿದ್ದ ಎರಡನೆಯ ಭಾಗ 1950ರ ಡಿಸೆಂಬರ್ 1ರಂದು, ಹೊಸ ಕಟ್ಟಡಕ್ಕೆ ಅಡಿಪಾಯ ತೋಡುವಾಗ ದೊರೆಯಿತು. ಸುಮಾರು 35,000 ಪುಟಗಳ ಈ ಸಂಗ್ರಹವನ್ನು 1999ರಲ್ಲಿ ಯುನೆಸ್ಕೊ ವಿಶ್ವ ಸ್ಮರಣೆಯ ಪಟ್ಟಿಗೆ ಸೇರಿಸಿತು. ಶ್ವಿಯೆಂಟೊಯೆರ್ಸ್ಕಾ ಬೀದಿಯಲ್ಲಿ ಹೂತಿದ್ದರೆನ್ನಲಾದ ಮೂರನೆಯ ಭಾಗ ಹುಡುಕಿದರೂ ಸಿಕ್ಕಿಲ್ಲ.

ದೊರೆತ ಕಾಗದಗಳು ಇಂದು ಇರುವುದು ವಾರ್ಸಾದ ಯಹೂದಿ ಇತಿಹಾಸ ಸಂಸ್ಥೆಯಲ್ಲಿ. ಘೆಟ್ಟೊದ ಕಾಲದಲ್ಲಿ ರಿಂಗೆಲ್‌ಬ್ಲುಮ್‌ರ ಪರಿಹಾರ ಸಂಘಟನೆಗೆ ನೆಲೆಯಾಗಿದ್ದ ಕಟ್ಟಡವೇ ಅದು. ಸ್ಟ್ರೋಪ್ ಸ್ಫೋಟಿಸಿದ ಮಹಾ ಸಿನಗಾಗ್ ಇದ್ದದ್ದು ಅದರ ಮಗ್ಗುಲಲ್ಲಿ. ಆ ದಿನದ ಬೆಂಕಿ ಕಟ್ಟಡದೊಳಕ್ಕೂ ಹಬ್ಬಿತ್ತು. ಪ್ರವೇಶದ್ವಾರದ ಕಲ್ಲಿನ ನೆಲದಲ್ಲಿ ಅದರ ಸುಟ್ಟ ಕಲೆಗಳು ಇಂದಿಗೂ ಇವೆ. ಅದನ್ನು ದಾಟಿ ಒಳಗೆ ಹೋದರೆ ತುಕ್ಕು ಹಿಡಿದ ಹಾಲಿನ ಕ್ಯಾನೊಂದನ್ನು ನೋಡುಗರಿಗಾಗಿ ಇರಿಸಲಾಗಿದೆ.